ಮೀನಿನ ತೊಟ್ಟಿಯ ಕಾವಲು

ಸಿಂಗಪುರದ ಕ್ಲಿನಿಕ್ಕೊಂದರಲ್ಲಿ ನನ್ನ ಪಕ್ಕ ಜಾವಾದ ಇಬ್ಬರು ಮನೆಗೆಲಸದ ಹೆಂಗಸರು ಕೂತಿದ್ದರು. ಚಿಕ್ಕವಳು, ವಾರ್ತಿನಿ, ಬಿಡದೆ ಕೆಮ್ಮುತ್ತಿದ್ದಳು. ದೊಡ್ಡವಳು ಅವಳ ಬೆನ್ನು ನೀವುತ್ತ, ನನಗೂ ಅರ್ಥವಾಗುವ ಮಲಯ ಭಾಷೆಯಲ್ಲಿ ಕೇಳಿದಳು:

“ಜಿರಳೆ ಔಷಧಿ ಹೊಡೆದ್ಮೇಲೆ ನಾಲ್ಕು ಗಂಟೆ ಯಾರೂ ಒಳಗಿರಬಾರ್ದು ಅಂತ ಹೊಡೆಯೋಕೆ ಬಂದೋರು ಚೀಟಿ ಕೊಟ್ಟಿರ್ಲಿಲ್ವೇನೆ?”

“ಕೊಟ್ಟಿದ್ರು ಅಕ್ಕ. ಅದನ್ನ ಓದ್ಕೊಂಡೇ ಮೇಡಂ ಮನೆಯವರೆಲ್ಲ ಹೋಟೆಲ್‌ಗೆ ಹೋದ್ರು. ನಾಯೀನೂ ಕರ್ಕೊಂಡು ಹೋದ್ರು.”

“ಮತ್ತೆ ನೀನು?”

“ಮೀನಿನ ತೊಟ್ಟಿ ಎತ್ಕೊಂಡು ಹೋಗಕ್ಕಾಗಲ್ವಲ್ಲ. ಪ್ಲಾಸ್ಟಿಕ್ ಹೊದಿಸಿದೀವಿ, ಅದು ಜಾರದಂಗೆ ನೋಡ್ಕೋ ಅಂದ್ರು.”

“ಮೀನಿಗೆ ಹೊದಿಕೆ! ನಿನಗೆ?”

“ಕಿಟಕಿ ತೆಗೀಬೇಡ, ಔಷಧಿ ಹೊರಗೆ ಹೋಗುತ್ತೆ ಅಂದ್ರು.”

“ಥೂ, ಅವರ ಮನೆ ಹಾಳಾಗ! ಕೆಳಗಿಳಿದು ಕೂರಬಾರ್ದಿತ್ತಾ?”

“ಬಾಗಿಲಿಗೆ ಕ್ಯಾಮೆರಾ ಇದೆ ಅಕ್ಕ.”

“ಡಾಕ್ಟರಿಗೆ ಎಲ್ಲಾ ಬಿಡಿಸಿ ಹೇಳು.”

“ನೆಲ ಒರೆಸೋಕೆ ಫಿನಾಯಿಲ್ ಜಾಸ್ತಿ ಹಾಕ್ಕೊಂಡೆ ಅಂತ ಹೇಳು ಅಂದಿದಾರೆ ಮೇಡಂ.”

ಒಳಗಿಂದ ಅವಳ ಹೆಸರು ಕೂಗಿದರು. ದೊಡ್ಡವಳು ತೋಳು ಹಿಡಿದು ಎಬ್ಬಿಸಿದಳು. ಅಷ್ಟರಲ್ಲಿ ಫೋನು ಬಂತು. ವಾರ್ತಿನಿ ಕೆಮ್ಮು ನುಂಗಿಕೊಂಡು, ನಡೆಯುತ್ತಲೇ ಮಾತಾಡಿದಳು:

“ಹೂಂ ಮೇಡಂ… ಇಲ್ಲ ಮೇಡಂ, ಒಂದೂ ಸತ್ತಿಲ್ಲ. ಎಲ್ಲಾ ಚೆನ್ನಾಗಿ ಈಜ್ತಾ ಇವೆ.”