ಮೂಲೆ ಕೋಣೆಯ ಖಾಲಿ ಪುಟ

ವೇದಿಕೆಯ ಮೇಲಿರುವ ಅಧ್ಯಕ್ಷರೇ, ಬಿಡುವು ಮಾಡಿಕೊಂಡು ಬಂದಿರುವ ಮುಖ್ಯ ಅತಿಥಿಗಳೇ, ಪ್ರಾಂಶುಪಾಲರಾದ ಮೇಡಂ ಅವರೇ, ಮೇಷ್ಟ್ರುಗಳೇ, ಪಾಸಾದ ಮಕ್ಕಳೇ, ಅವರಿಗಿಂತ ಹೆಚ್ಚು ಬೀಗುತ್ತಿರುವ ತಂದೆತಾಯಂದಿರೇ, ಈಗಲೇ ಆಕಳಿಸಲು ಶುರುಮಾಡಿರುವ ಸಭಿಕರೇ,

ಮೊದಲು ಒಂದು ತಕರಾರು. ನಾನು ಬಾಯಿಗೆ ಬಂದದ್ದನ್ನು ಹೇಳಿ ಇಳಿದುಬಿಡುತ್ತೇನೆ ಎಂದೆ. ಮೇಡಂ ಒಪ್ಪಲಿಲ್ಲ. "ನಿಮ್ಮ ಬಾಯಿಗೆ ಏನೇನು ಬರುತ್ತೆ ಅಂತ ನನಗೆ ಚೆನ್ನಾಗಿ ಗೊತ್ತು ಯಜಮಾನ್ರೇ. ಬರ್ಕೊಂಡು ಬನ್ನಿ," ಎಂದರು. ಏಳನೇ ತರಗತಿಗೇ ಶಾಲೆ ಬಿಟ್ಟವನಿಗೆ ಈ ವಯಸ್ಸಿನಲ್ಲಿ ಬರೆಯುವ ಶಿಕ್ಷೆ! ಪೆನ್ನು ಎಸೆದೆ, ಮತ್ತೆ ಹುಡುಕಿ ತಂದೆ, ಬರೆದೆ. ಅಕ್ಷರ ನನ್ನದೇ. ನಡುವೆ ತಡವರಿಸಿದರೆ ಯಾರೂ ನಗಕೂಡದು.

ನಾನು ಈ ಕಾಲೇಜಿನ ಗೇಟು ಕಾಯುವವನು. ಮಕ್ಕಳು ಎದುರಿಗೆ ತಾತ ಎನ್ನುತ್ತಾರೆ, ಬೆನ್ನ ಹಿಂದೆ ಸಿಡಿಮದ್ದು ಎನ್ನುತ್ತಾರೆ. ನನಗೆ ಕಿವಿ ಕೇಳಿಸುತ್ತದೆ ಎಂಬುದು ಅವರಿಗೆ ಗೊತ್ತಿಲ್ಲ.

ಪರೀಕ್ಷೆ ಮುಗಿದ ಮೇಲೆ ಗೇಟಿನ ಬಳಿ ಏನು ನಡೆಯುತ್ತದೆ ಎಂದು ವೇದಿಕೆಯ ಮೇಲಿನ ದೊಡ್ಡವರು ಯಾವತ್ತಾದರೂ ನೋಡಿದ್ದೀರಾ? ಮನೆಗೆ ಹೋಗುವುದು ಬಿಟ್ಟು ಮಕ್ಕಳು ಗುಂಪುಗುಂಪಾಗಿ ನಿಲ್ಲುತ್ತಾರೆ. ನಿನಗೆಷ್ಟು ಬಂತು, ನನಗಿಷ್ಟು ಬಂತು. ಒಬ್ಬಳು ಅಳುತ್ತಾಳೆ, ಇನ್ನೊಬ್ಬ ಪುಸ್ತಕ ತೆಗೆದು ತೋರಿಸಿ ಅವಳನ್ನು ಇನ್ನಷ್ಟು ಅಳಿಸುತ್ತಾನೆ. "ಬರೆದಿದ್ದು ಬರೆದಾಯ್ತು, ಇನ್ನೇನು ಅಳಿಸಿ ಬರೀತೀರಾ? ನಡೀರಿ ಮನೆಗೆ!" ಎಂದು ನಾನು ಗದರಿಸುತ್ತೇನೆ. ಆದರೆ ಒಂದು ಸಂಗತಿಯನ್ನು ಯಾರಾದರೂ ಗಮನಿಸಿದ್ದೀರಾ? ಬೇರೆ ದಿನ ಕಂಡ ಕೂಡಲೇ ಬೈಯುವವನು, ಪರೀಕ್ಷೆಯ ದಿನ ಮಾತ್ರ ಗೇಟಿನ ಸುತ್ತ ನಿಧಾನವಾಗಿ ಗುಡಿಸಿ, ಗುಡಿಸಿದ್ದನ್ನೇ ಮತ್ತೆ ಗುಡಿಸಿ, ಆಮೇಲೆ ಬೈಯುತ್ತಾನೆ.

ನಾನು ಬರೆದ ಕೊನೆಯ ಪರೀಕ್ಷೆ ಲೆಕ್ಕದ್ದು. ಹೊರಗೆ ಬಂದರೆ ಅಪ್ಪ ಸೈಕಲ್ ಹಿಡಿದು ನಿಂತಿದ್ದ. ಹಿಂದೆ ಕೂರಿಸಿಕೊಂಡು ನೇರವಾಗಿ ಮರದ ಮಿಲ್ಲಿಗೆ ಕರೆದೊಯ್ದ. ಗೆಳೆಯರು ಇನ್ನೂ ಶಾಲೆಯ ಬಾಗಿಲಲ್ಲೇ ನಿಂತು ಕೂಗಾಡುತ್ತಿದ್ದರು. ನೀರಿನ ತೊಟ್ಟಿಯ ಲೆಕ್ಕಕ್ಕೆ ಅವರಿಗೆಲ್ಲ ಎಷ್ಟು ಬಂದಿತ್ತೋ ನನಗೆ ಇವತ್ತಿಗೂ ಗೊತ್ತಿಲ್ಲ. ಹೋಗಲಿ. ಇದನ್ನು ಯಾಕೆ ಬರೆದೆನೋ.

ಈ ಸಲದ ರಸಾಯನಶಾಸ್ತ್ರದ ಪರೀಕ್ಷೆಗೆ ಬರೋಣ. ಮಹಡಿಯ ಮೇಲೆ ಕೂತಿದ್ದ ಮಕ್ಕಳು ಮುಖ ಇಳಿಬಿಟ್ಟುಕೊಂಡು ಬಂದರು. ದಪ್ಪ ಕನ್ನಡಕದ ಹುಡುಗನೊಬ್ಬನಿದ್ದಾನೆ, ಎಲ್ಲರೂ ಸೋಡಾಗ್ಲಾಸ್ ಎನ್ನುತ್ತಾರೆ. ಬಾಯಿ ಮುಚ್ಚದ ಹುಡುಗಿಯೊಬ್ಬಳಿದ್ದಾಳೆ, ಅವಳು ಗಿಣಿ.

"ಐದನೇ ಪ್ರಶ್ನೆ ಕೊಟ್ಟೋನು ಮನುಷ್ಯನೇನೋ?" ಎಂದಳು ಗಿಣಿ.

"ನಂಗೆ ಉಷ್ಣತೆ ಮೈನಸ್ ಬಂತು ಕಣೇ," ಎಂದ ಸೋಡಾಗ್ಲಾಸ್.

"ಮೈನಸ್ಸಾ? ಕುದಿಯೋ ನೀರು ಕಣೋ ಅದು! ನೀನು ಮುಟ್ಟಿದ್ದಕ್ಕೆ ಗಡ್ಡೆ ಕಟ್ತೇನೋ ಪಾಪ."

ಆಗ ಕೆಳಗಿನ ಮೂಲೆ ಕೋಣೆಯವರು ಬಂದರು. ಹೇಗೆ ಬಂದರು ಅಂತೀರಿ? ಬ್ಯಾಗು ತಿರುಗಿಸುತ್ತಾ, ಶಿಳ್ಳೆ ಹಾಕುತ್ತಾ! ಎಲ್ಲರಿಗಿಂತ ಮುಂದೆ ನನ್ನ ಮಗಳ ಮಗಳು. ಓದಿನಲ್ಲಿ ಆಕೆ ನನ್ನನ್ನೇ ಹೋಲುತ್ತಾಳೆ, ಪಾಪ.

"ತಾತಾ, ಪೇಪರ್ ಬೇಗ ಮುಗೀತು! ಕೊನೆಗೆ ಸುಮ್ನೆ ಕೂತಿದ್ವಿ."

"ಸುಮ್ನೆ ಕೂತಿದ್ರಾ?" ಎಂದಳು ಗಿಣಿ. "ನಂಗೆ ಸಾಬೂನಿನ ಪ್ರಶ್ನೆಗೆ ಟೈಮೇ ಸಾಲಲಿಲ್ಲ."

"ಯಾವ ಸಾಬೂನು?"

"ಕೊನೇ ಪುಟದ್ದು ಕಣೇ."

"ಕೊನೇ ಪುಟ ಖಾಲಿ ಇತ್ತಲ್ಲೇ!"

ಸೋಡಾಗ್ಲಾಸ್ ಇಬ್ಬರ ಪ್ರಶ್ನೆಪತ್ರಿಕೆಯನ್ನೂ ಕಿತ್ತುಕೊಂಡು ತಿರುಗಿಸಿದ. ಗಿಣಿಯದರಲ್ಲಿ ಪುಟದ ತುಂಬ ಪ್ರಶ್ನೆಗಳು. ನನ್ನ ಮೊಮ್ಮಗಳದರಲ್ಲಿ ಬಿಳಿ ಹಾಳೆ. ಮೂಲೆ ಕೋಣೆಗೆ ಬಂದ ಕಟ್ಟು ಪೂರ್ತಿ ಹಾಗೆಯೇ. ಅಚ್ಚು ಹಾಕುವ ಯಂತ್ರ ಒಂದು ಪುಟವನ್ನೇ ನುಂಗಿತ್ತು. ಒಟ್ಟು ಅಂಕ ಎಷ್ಟೆಂದು ಮೇಲುಗಡೆಯೇ ಅಚ್ಚಾಗಿತ್ತು. ಕೂಡಿ ನೋಡಿದವರು ಒಬ್ಬರಾದರೂ ಇದ್ದರೇ? ಸುಲಭದ ಪತ್ರಿಕೆ ಸಿಕ್ಕವನು ಯಾಕೆ ಕೂಡುತ್ತಾನೆ?

ಶಿಳ್ಳೆ ನಿಂತಿತು. ನನ್ನ ಮೊಮ್ಮಗಳು ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು. ಗಿಣಿ ಅವಳ ಪಕ್ಕದಲ್ಲೇ ಕುಕ್ಕರಿಸಿದಳು. "ಅಳಬೇಡ್ವೇ, ಅದು ಸುಲಭ. ಹೇಳ್ತೀನಿ ಕೇಳು, ಗಡಸು ನೀರಲ್ಲಿ ಏನಿರುತ್ತೆ ಅಂದ್ರೆ…"

"ಬಾಯ್ ಮುಚ್ಚೇ ಗಿಣಿ!" ಎಂದು ಅಬ್ಬರಿಸಿದೆ. ಆ ಅಬ್ಬರಕ್ಕೆ ಮಹಡಿಯ ಕಿಟಕಿಗಳು ತೆರೆದವು. ನನಗೆ ರಸಾಯನವೂ ಗೊತ್ತಿಲ್ಲ, ಶಾಸ್ತ್ರವೂ ಗೊತ್ತಿಲ್ಲ. ಆದರೆ ಉತ್ತರ ಕೇಳಿಸಿಕೊಂಡವರನ್ನು ಮತ್ತೆ ಯಾರೂ ಪರೀಕ್ಷೆಗೆ ಕೂರಿಸುವುದಿಲ್ಲ ಎಂಬುದು ಯಾರಿಗೆ ಗೊತ್ತಾಗುವುದಿಲ್ಲ? ಓಡಿ ಗೇಟು ಎಳೆದೆ. ಮೂಲೆ ಕೋಣೆಯ ಹುಡುಗನೊಬ್ಬನ ಒಂದು ಕಾಲು ಆಗಲೇ ಹೊರಗಿತ್ತು, ಬ್ಯಾಗು ಹಿಡಿದು ಒಳಗೆ ಎಳೆದುಕೊಂಡೆ. ಬೀಗ ಜಡಿದೆ. ಮಹಡಿಯವರನ್ನು ಸೈಕಲ್ ಸ್ಟ್ಯಾಂಡಿಗೆ ಅಟ್ಟಿದೆ, ಮೂಲೆಯವರನ್ನು ಗೋಡೆಗೆ ಮುಖಮಾಡಿ ನಿಲ್ಲಿಸಿದೆ. ಮೇಡಂ ಅವರನ್ನು ಕರೆತರಲು ಸೋಡಾಗ್ಲಾಸ್ ಓಡಿದ.

ಗೇಟಿನಾಚೆ ಕಾರಿನಿಂದ ಒಬ್ಬರು ಇಳಿದರು. "ಏಯ್ ವಾಚ್‌ಮನ್, ತಲೆ ಕೆಟ್ಟಿದೆಯಾ? ನನ್ನ ಮಗನ್ನ ಬಿಡು!"

"ಕೆಟ್ಟಿದೆ ಸ್ವಾಮಿ. ರಿಪೇರಿ ಆದ್ಮೇಲೆ ಬಿಡ್ತೀನಿ."

ಆ ಸ್ವಾಮಿಗಳು ಇವತ್ತು ಮುಂದಿನ ಸಾಲಿನಲ್ಲಿ ಕೂತು ನಗುತ್ತಿದ್ದಾರೆ. ಅವತ್ತು ನಗುತ್ತಿರಲಿಲ್ಲ.

ಮೇಡಂ ಬಂದರು. ಉತ್ತರಪತ್ರಿಕೆಗಳನ್ನು ಒಯ್ಯುವ ವ್ಯಾನು ಅಂಗಳದಲ್ಲಿ ಗುರುಗುಡುತ್ತಿತ್ತು. ಅವರು ಪರೀಕ್ಷಾ ಕಚೇರಿಗೆ ಫೋನು ಮಾಡಿ ಕೂಗಿದರು, ಬೇಡಿದರು, ಮತ್ತೆ ಕೂಗಿದರು. ಮೇಡಂ, ನಿಮಗೆ ಅಷ್ಟು ಸಿಟ್ಟು ಬರುತ್ತದೆ ಎಂದು ನನಗೆ ಗೊತ್ತಿರಲಿಲ್ಲ, ಅಂದಿನಿಂದ ನಿಮ್ಮ ಮೇಲೆ ಗೌರವ ಹೆಚ್ಚಾಗಿದೆ. ಕೊನೆಗೆ ಫೋನಿಗೆ ಕೈ ಅಡ್ಡ ಹಿಡಿದು ಕೇಳಿದರು, "ಒಬ್ಬರು ಹೊರಗೆ ಹೋಗಿದ್ರೂ, ಒಬ್ಬರು ಉತ್ತರ ಕೇಳಿದ್ರೂ ಆಗಲ್ಲ ಅಂತಾರೆ. ಯಾರು ಜವಾಬ್ದಾರಿ?"

"ನಾನು."

"ನಿಮ್ಮ ಮೊಮ್ಮಗಳೂ ಅಲ್ಲೇ ನಿಂತಿದ್ದಾಳೆ ಯಜಮಾನ್ರೇ. ನಾಳೆ ಜನ ಆಡ್ಕೋತಾರೆ."

"ಆಡ್ಕೊಳ್ಳಲಿ. ಒಬ್ಬರೂ ಹೊರಗೆ ಹೋಗಿಲ್ಲ, ಒಬ್ಬರೂ ಉತ್ತರ ಕೇಳಿಲ್ಲ. ಸುಳ್ಳು ಅಂತ ಗೊತ್ತಾದ್ರೆ ನನ್ನ ಕೆಲಸದಿಂದ ತೆಗೀರಿ."

ಮೇಡಂ ಅದನ್ನೇ ಫೋನಿಗೆ ಹೇಳಿ ಒಪ್ಪಿಸಿದರು. ವ್ಯಾನಿನ ಸದ್ದು ನಿಂತಿತು. ಮೂಲೆ ಕೋಣೆಯ ಬಾಗಿಲು ಮತ್ತೆ ತೆರೆಯಿತು. ಆ ಕೋಣೆಯ ಮೇಲ್ವಿಚಾರಣೆ ಮಾಡಿದ್ದ ಮೇಷ್ಟ್ರು ಇಲ್ಲೇ ತಲೆ ತಗ್ಗಿಸಿ ಕೂತಿದ್ದಾರೆ. ಎತ್ತಿ ಮೇಷ್ಟ್ರೇ, ಆ ಒಂದು ಪುಟಕ್ಕೆ ಮಕ್ಕಳಿಗಿಂತ ನೀವೇ ಹೆಚ್ಚು ಬೆವರಿದ್ದನ್ನು ಕಿಟಕಿಯಿಂದ ಕಂಡಿದ್ದೇನೆ. ಬರೆದು ಮುಗಿಸಿ ಮಕ್ಕಳು ಹೊರಬಂದರು. ಎಲ್ಲರ ಮುಖವೂ ಇಳಿದಿತ್ತು. ಸದ್ಯ, ಈಗ ಸರಿಹೋಯಿತು ಎಂದುಕೊಂಡೆ.

ಫಲಿತಾಂಶ ನಿಮಗೆ ಗೊತ್ತು. ಮೂಲೆ ಕೋಣೆಯಲ್ಲಿ ಒಬ್ಬರೂ ಫೇಲಾಗಲಿಲ್ಲ. ಒಬ್ಬರೂ! ನನ್ನ ಮೊಮ್ಮಗಳು ಅವರಲ್ಲಿ ಕೊನೆಯವಳು, ಕೂದಲೆಳೆಯಲ್ಲಿ ದಾಟಿದಳು. ಆ ಪುಟ ಬರೆಯದೆ ಮನೆಗೆ ಹೋಗಿದ್ದರೆ ಮುಳುಗಿದ್ದಳು. ನರ್ಸಿಂಗ್ ಸೀಟೂ ಮುಳುಗುತ್ತಿತ್ತು. ಈಗ ಅವಳು ಬಿಳಿ ಕೋಟು ಹೊಲಿಸಿಕೊಂಡು, ಮನೆಯಲ್ಲಿ ನನ್ನ ಬಿ.ಪಿ. ನೋಡುತ್ತೇನೆಂದು ಬೆನ್ನು ಹತ್ತಿದ್ದಾಳೆ. ತಟ್ಟಿ ಚಪ್ಪಾಳೆ, ಇನ್ನೂ ಜೋರಾಗಿ ತಟ್ಟಿ!

ನನ್ನನ್ನು ಹೊಗಳಿದಿರಿ, ಸಂತೋಷ. ಆದರೆ ಗೆಲ್ಲಿಸಿದ್ದು ಬೀಗವಲ್ಲ, ಗಿಣಿಯ ಬಾಯಿ. ಮಕ್ಕಳು ನಿಂತು ಮಾತಾಡದಿದ್ದರೆ ಆ ಖಾಲಿ ಪುಟ ಯಾರ ಕಣ್ಣಿಗೆ ಬೀಳುತ್ತಿತ್ತು?

ಇಷ್ಟೆಲ್ಲ ಆದಮೇಲೂ, ಅಧ್ಯಕ್ಷರೇ, ಕಳೆದ ವಾರ ನಿಮ್ಮ ಆಡಳಿತ ಮಂಡಳಿ ನನ್ನ ಕೈಗೆ ಒಂದು ಫಲಕ ಕೊಟ್ಟಿತು. "ಪರೀಕ್ಷೆ ಮುಗಿದ ಕೂಡಲೇ ಆವರಣ ಬಿಟ್ಟು ತೆರಳಿರಿ. ಗುಂಪುಗೂಡಿ ಚರ್ಚಿಸುವುದನ್ನು ನಿಷೇಧಿಸಲಾಗಿದೆ." ಇದನ್ನು ಗೇಟಿಗೆ ನಾನು ತೂಗುಹಾಕಬೇಕಂತೆ. ಹಾಕುವುದಿಲ್ಲ. ಮಕ್ಕಳು ಎಷ್ಟು ಹೊತ್ತು ನಿಲ್ಲಬೇಕು, ಯಾವಾಗ ಓಡಿಸಬೇಕು ಎಂಬುದು ನನಗೆ ಗೊತ್ತು. ಬರುವ ಹತ್ತನೇ ತಾರೀಖಿಗೆ ಮುಂದಿನ ಪರೀಕ್ಷೆ ಶುರು. ಫಲಕವನ್ನು ವಾಪಸು ತಗೊಳ್ಳುತ್ತೀರೋ ಇಲ್ಲವೋ, ಎಂಟನೇ ತಾರೀಖಿನೊಳಗೆ ನನಗೆ ಉತ್ತರ ಬೇಕು.

ಕೂತು ಕೇಳಿದ್ದಕ್ಕೆ ಎಲ್ಲರಿಗೂ ಕೃತಜ್ಞ. ನಮಸ್ಕಾರ.