ತೆರಿಗೆ ಕಟ್ಟುವ ಪಾಳಿಯಲ್ಲಿ

ಪುಣೆಯ ವಾರ್ಡ್ ಆಫೀಸಿನಲ್ಲಿ ಮನೆ ತೆರಿಗೆ ಕಟ್ಟುವ ಪಾಳಿ ನಿಧಾನಕ್ಕೆ ಸರಿಯುತ್ತಿತ್ತು. ಭಾಮಾಳ ಮುಂದಿದ್ದ ಹಿರಿಯರಿಬ್ಬರು, ಸುತ್ತಲಿನವರಿಗೆ ತಿಳಿಯದಿರಲೆಂದು ಮರಾಠಿ ಬಿಟ್ಟು ಕನ್ನಡಕ್ಕೆ ಹೊರಳಿದರು. ಧಾರವಾಡದ ಭಾಮಾ ಫೋನು ನೋಡುತ್ತಲೇ ಕಿವಿಗೊಟ್ಟಳು.

"ತೆರಿಗಿ ಭಾಳ ಏರಿಸ್ಯಾರ ಅಂತ ಸೊಸೈಟಿ ಗ್ರೂಪಿನ್ಯಾಗ ಬರದೆ, ಅಷ್ಟ. ಅದಕ್ಕ ಒಬ್ಬಾಂವ ನನ್ನ ದೇಶದ್ರೋಹಿ ಅಂದ, ನೋಡ್ರಿ ಅವಧೂತರಾವ."

"ಓದೀನ್ರಿ, ದೇಸಾಯರ."

"ಸರಕಾರಕ್ಕ ಒಂದು ಮಾತೂ ಅನ್ನಬಾರದೇನು?"

"ನೀವು ಬರದದ್ದು ಖರೇನ ಅದರಿ."

"ಮತ್ತ ನನ್ನ ಬೈದವನ ಮೆಸೇಜಿಗೆ ಹೆಬ್ಬೆರಳು ಯಾಕ ಹಾಕಿದ್ರಿ?"

ಅವಧೂತರಾವ್ ಗಂಟಲು ಸರಿಮಾಡಿಕೊಂಡರು. "ಮುಂದಿನ ತಿಂಗಳು ಮಗಳ ಮದುವಿ ಅದರಿ. ಇಡೀ ಸೊಸೈಟಿ ಬರಬೇಕಲ್ಲ."

"ನನ್ನ ಕರಿಯವರಿದ್ದೀರೋ ಇಲ್ಲೋ?"

"ಅದೇನ್ ಕೇಳ್ತೀರಿ? ಅಕ್ಷತಿ ತಗೊಂಡು ಮನೀಗೇ ಬರ್ತೀನಿ." ಅವರು ಒಮ್ಮೆ ಹಿಂದಕ್ಕೆ ತಿರುಗಿ ನೋಡಿದರು. "ಕತ್ತಲಾದ ಮ್ಯಾಲೆ."

ಕೌಂಟರಿನ ಕಿಟಕಿ ಖಾಲಿಯಾಯಿತು. ಇಬ್ಬರೂ ಮರಾಠಿ ಮಾತಾಡುತ್ತ ಮುಂದೆ ನಡೆದರು.