ಫೇಲಾಗಬೇಕಿದ್ದ ಪರೀಕ್ಷೆ

ಎಲ್ಲರಿಗೂ ನಮಸ್ಕಾರ. ಅತ್ತಿಗೆ, ಮಗಳೇ — ಮನೆ ಯಜಮಾನನನ್ನ ಕಳಕೊಂಡ ನಿಮ್ಮಿಬ್ಬರ ಮುಂದೆ ನಿಂತು ಮಾತಾಡೋ ಧೈರ್ಯ ನನಗಿಲ್ಲ. ಆದರೂ ಮಾತಾಡ್ತೀನಿ.

ಅಗಲಿದ ಗೆಳೆಯನನ್ನು ಸೈನ್ಯದಲ್ಲಿ ನಾವೆಲ್ಲ ‘ಹಾರನ್’ ಅಂತಲೇ ಕರೀತಿದ್ದೆವು. ಲಾರಿಗಿಂತ ಮೊದಲು ಅವನ ಗಂಟಲು ಬರ್ತಿತ್ತು! ಹಿಮದ ಗುಡ್ಡಗಳಲ್ಲಿ ಒಂದೇ ಲಾರಿಯನ್ನ ಸರದಿ ಮೇಲೆ ಓಡಿಸಿದವರು ನಾವು. ಅವನಿಗೆ ಮೊದಲ ಸಲ ಎದೆನೋವು ಬಂದಿದ್ದೂ ಅಲ್ಲೇ. ನಿವೃತ್ತಿ ಆದ ಮೇಲೆ ಇಬ್ಬರೂ ಗೋದಾಮಿನ ಗೇಟು ಕಾಯೋಕೆ ಸೇರಿದೆವು. ಬರ್ತಾ ಬರ್ತಾ ಹಾರನ್ನು ಮೆತ್ತಗಾಯ್ತು. ಸ್ನಾನ ಮಾಡ್ತಾ ಮಾಡ್ತಾ ಸುಸ್ತಾಗಿ ಕೂತುಬಿಡೋನು. ಮಲಗಿದರೆ ಉಸಿರು ಕಟ್ಟುತ್ತೆ ಅಂತ ಗೋಡೆಗೆ ಒರಗಿ ನಿದ್ದೆ ಮಾಡೋನು.

ಕೊನೆಗೆ ಸೈನ್ಯದ ಮೆಡಿಕಲ್ ಬೋರ್ಡು ಕರೆಯಿತು. ಹೃದಯದ ಕಾಯಿಲೆ ಸೇವೆಯಿಂದಲೇ ಬಂದದ್ದು ಅಂತ ಅವರೂ ಒಪ್ಪಿದ್ದರು, ಅದರಲ್ಲಿ ತಕರಾರಿಲ್ಲ. ಅಂಗವೈಕಲ್ಯ ಎಷ್ಟು ಪರ್ಸೆಂಟ್ ಅಂತ ತೀರ್ಮಾನ ಆಗಬೇಕಿತ್ತು, ಅಷ್ಟೇ. ಜಾಸ್ತಿ ಬಂದರೆ ಪಿಂಚಣಿಯಲ್ಲೇ ಬದುಕಬಹುದು, ಗೇಟಿನ ಕೆಲಸ ಬಿಡಬಹುದು. ಅತ್ತಿಗೆ ಬಾಗಿಲಲ್ಲೇ ಹೇಳಿ ಕಳಿಸಿದ್ರು: “ಇದ್ದದ್ದು ಇದ್ದ ಹಾಗೆ ಹೇಳ್ರೀ.”

ಒಳಗೆ ಏನಾಯ್ತು ಗೊತ್ತಾ? ಡಾಕ್ಟರ ಹೆಗಲ ಮೇಲೆ ಸೇನಾಧಿಕಾರಿಯ ನಕ್ಷತ್ರ ಕಂಡಿದ್ದೇ ತಡ, ಇವನು ಹೀಗೆ — ನೋಡಿ, ಹೀಗೆ — ಎದೆ ಸೆಟೆದು ನಿಂತ. “ಹೇಗಿದ್ದೀರಿ?” “ಚೆನ್ನಾಗಿದ್ದೀನಿ ಸಾರ್!” “ಮೆಟ್ಟಿಲು ಹತ್ತೋಕಾಗುತ್ತಾ?” “ಆಗುತ್ತೆ ಸಾರ್!” ಟ್ರೆಡ್‌ಮಿಲ್ ಮೇಲೆ ಹತ್ತಿಸಿ, ನೋವು ಬಂದರೆ ನಿಲ್ಲಿಸಿ ಅಂದರಂತೆ. ನಿಲ್ಲಿಸ್ತಾನಾ ಇವನು? ಹೊರಗೆ ಬಂದವನೇ ನನ್ನ ಮೇಲೆ ಒರಗಿದ. ತುಟಿ ನೀಲಿಯಾಗಿತ್ತು. “ಪಾಸಾದೆ ಕಣೋ” ಅಂದ.

ಅಯ್ಯೋ ಪುಣ್ಯಾತ್ಮ, ಅದು ಫೇಲಾಗಬೇಕಿದ್ದ ಪರೀಕ್ಷೆ ಕಣೋ! — ಅಂತ ಅಲ್ಲೇ ಬೈದೆ. ನಕ್ಕ. ಕಡಿಮೆ ಪರ್ಸೆಂಟೇ ಬಂತು. ಮತ್ತೆ ಅರ್ಜಿ ಹಾಕೋಣ ಬಾರೋ ಅಂದರೆ, “ಅವತ್ತು ಹೇಳಿದ್ದು ಸುಳ್ಳು ಅಂತ ಯಾವ ಮುಖ ಇಟ್ಕೊಂಡು ಹೇಳಲಿ?” ಅಂದ. ಹೋದ ವಾರ ಗೋದಾಮಿನ ಗೇಟು ಎಳೀತಾ ಎಳೀತಾ ಕುಸಿದುಬಿಟ್ಟ.

ನನಗೆ ಬೋರ್ಡಿನ ಮೇಲೂ ಸಿಟ್ಟಿದೆ. ಸಿಪಾಯಿಯನ್ನ ಸಾಹೇಬರ ಮುಂದೆ ನಿಲ್ಲಿಸಿ ಹೇಗಿದ್ದೀಯ ಅಂದರೆ ಇನ್ನೇನು ಹೇಳ್ತಾನೆ? ಇವನ ಮೇಲೂ ಸಿಟ್ಟಿದೆ — ಜಗಳ ಆಡೋಣ ಅಂದರೆ ಅವನೇ ಇಲ್ಲ.

ನಮ್ಮ ತುಕಡಿಯ ಅಡುಗೆಯವರು, ನಾವೆಲ್ಲ ‘ಮಾಮ’ ಅನ್ನೋರು, ಇಲ್ಲೇ ಮುಂದಿನ ಸಾಲಲ್ಲಿದ್ದಾರೆ. ಅವರಿಗೂ ಇದೇ ಕಾಯಿಲೆ. ನಾಳೆ ಇದೇ ಬೋರ್ಡು ಅವರನ್ನೂ ಕರೆದಿದೆ. ಬೆಳಿಗ್ಗೆ ವಿಚಾರಿಸಿದರೆ, “ನನಗೇನಾಗಿದೆಯೋ, ಗುಂಡುಕಲ್ಲಿನ ಹಾಗಿದ್ದೀನಿ” ಅಂತಾರೆ!

ಈಗ ನಮ್ಮ ಹಾರನ್‌ಗೋಸ್ಕರ ಒಂದು ಗಳಿಗೆ ಸುಮ್ಮನೆ ನಿಲ್ಲೋಣ. ದಯವಿಟ್ಟು ಎಲ್ಲರೂ ಎದ್ದೇಳಿ —

ಮಾಮ, ನೀವು ಬೇಡ. ನಿಮ್ಮ ಏದುಸಿರು ಇಲ್ಲಿವರೆಗೂ ಕೇಳಿಸ್ತಿದೆ. ಕೂತ್ಕೊಳ್ಳಿ. ಇಷ್ಟು ಜನರ ಎದುರಿಗೇ ಕೂತ್ಕೊಳ್ಳಿ ಮಾಮ, ನಾಳೆಗೆ ಅಭ್ಯಾಸ ಆಗಲಿ.